ಹಳದಿ ಗುಲಾಬಿ ಯಾಕೆ ಇಷ್ಟು ಸೂಕ್ಷ್ಮ? ಪರ್ಷಿಯಾದಿಂದ ನಮ್ಮ ಅಂಗಳದವರೆಗೆ

ಈ ವಾರದ ಮಾತು ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ.

ಹೋದ ವರ್ಷ ನವರಾತ್ರಿ ಹೊತ್ತು. ಪುಣೆಯಲ್ಲಿ ಬೆಳಗಿನ ಮೀಟಿಂಗ್ ನಡೀತಾ ಇತ್ತು. ಅಮ್ಮನ ಫೋನ್ ಬಂತು, ಎತ್ತಲಿಲ್ಲ. ಮತ್ತೆ ಬಂತು. ಊರಿಂದ ಎರಡು ಸಲ ಫೋನ್ ಬಂದ್ರೆ ಏನೋ ಆಗಿದೆ ಅಂತಲೇ ಅರ್ಥ ಅಲ್ವಾ, ಮ್ಯೂಟ್ ಮಾಡಿ ಎತ್ತಿದೆ. "ನಿನ್ನ ಹಳದಿ ಗುಲಾಬಿ ಬಣ್ಣ ಬದಲಾಯಿಸಿದೆ ಕಣೋ. ಈಗ ಗುಲಾಬಿ ಬಣ್ಣದ ಹೂ ಬಿಡ್ತಾ ಇದೆ" ಅಂದ್ಲು.

ನಮ್ಮ ಮನೆ ಸಾಗರದ ಹತ್ತಿರ. ಮುಂದೆ ಅಂಗಳ, ಪಕ್ಕದಲ್ಲಿ ಹೂವಿನ ಗಿಡಗಳು, ಕೆಳಗೆ ಅಡಿಕೆ ತೋಟ. ನನ್ನ ಮೊದಲ ಸಂಬಳದಲ್ಲಿ ಬೆಂಗಳೂರಿನ ಒಂದು ನರ್ಸರಿಯಿಂದ ಹಳದಿ ಗುಲಾಬಿ ಗಿಡ ತಗೊಂಡು, ರಾತ್ರಿ ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗಿ ಅಮ್ಮನ ಕೈಗೆ ಕೊಟ್ಟಿದ್ದೆ. ಹನ್ನೆರಡು ವರ್ಷ ಅದನ್ನು ಉಳಿಸಿಕೊಂಡವರು ಅಪ್ಪಯ್ಯ. ಹೇಗೆ ಅಂದ್ರೆ, ಮದ್ದು ಹೊಡೆದು. ಈಗ ಮಂಡಿ ನೋವು, ಬೆನ್ನ ಮೇಲೆ ಪಂಪು ಹೊರೋಕೆ ಆಗಲ್ಲ. ಎರಡು ಮಳೆಗಾಲ ಮದ್ದಿಲ್ಲದೆ ಹೋಯ್ತು. ಗಿಡ ಬಣ್ಣ ಬದಲಾಯಿಸಿತು.

ನಿಜ ಹೇಳಬೇಕು ಅಂದ್ರೆ ಯಾವ ಗುಲಾಬಿಯೂ ಹಾಗೆ ಬಣ್ಣ ಬದಲಾಯಿಸಲ್ಲ. ನರ್ಸರಿಯಲ್ಲಿ ಸಿಗೋ ಗುಲಾಬಿ ಹೆಚ್ಚಾಗಿ ಕಸಿ ಗಿಡ. ಕೆಳಗಿನ ಬೇರು ಒಂದು ಗಟ್ಟಿ ಜಾತಿಯದ್ದು, ಮೇಲಿನ ಹೂ ಇನ್ನೊಂದು ಜಾತಿಯದ್ದು. ಮೇಲಿನದು ಸತ್ತರೆ ಕೆಳಗಿನದು ಚಿಗುರುತ್ತೆ. ಅಂದ್ರೆ ನಮ್ಮ ಹಳದಿ ಗುಲಾಬಿ ಸತ್ತು ಹೋಗಿತ್ತು, ಅದನ್ನು ಹೊತ್ತಿದ್ದ ಬೇರಿನ ಗಿಡ ಬದುಕಿತ್ತು. ಅಮ್ಮನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ಲು: "ಹಂಗಾದ್ರೆ ಆರೈಕೆ ಬೇಡದ ಹಳದಿ ಗುಲಾಬಿ ಇಲ್ವೇನೋ? ಕೆಂಪು ಗುಲಾಬಿಗೆ ನಾವು ಏನೂ ಮಾಡಲ್ಲ, ಅದು ಚೆನ್ನಾಗೇ ಇದೆ."

ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ ಕಥೆ ಇದು. ಹಳದಿಗೂ ರೋಗಕ್ಕೂ ನಿಜವಾಗಿ ಸಂಬಂಧ ಇದೆ, ಅಮ್ಮನ ಅನುಮಾನ ಸರಿಯಾಗೇ ಇತ್ತು.

ಮೊದಲು ಪದ ನೋಡೋಣ. ಕನ್ನಡದಲ್ಲಿ ಗುಲಾಬಿ ಅಂದ್ರೆ ಹೂವೂ ಹೌದು, ಬಣ್ಣವೂ ಹೌದು. "ಹಳದಿ ಗುಲಾಬಿ" ಅಂತ ಹೇಳುವಾಗ ಒಂದೇ ಉಸಿರಲ್ಲಿ ಎರಡು ಬಣ್ಣ ಹೇಳ್ತಾ ಇರ್ತೀವಿ. ಪದ ಬಂದಿದ್ದು ಪರ್ಷಿಯನ್ ಭಾಷೆಯಿಂದ. ಗುಲ್ ಅಂದ್ರೆ ಹೂ, ಆಬ್ ಅಂದ್ರೆ ನೀರು. ಗುಲಾಬ್ ಅಂದ್ರೆ ಪನ್ನೀರು. ಪನ್ನೀರು ತೆಗೆಯೋ ಹೂವಿನ ಬಣ್ಣ ಗುಲಾಬಿ ಬಣ್ಣ ಆಯ್ತು. ಅಂದ್ರೆ ಪದ ಹುಟ್ಟಿದ ಕಾಲದಲ್ಲಿ ಗುಲಾಬಿ ಹೂ ಯಾವ ಬಣ್ಣ ಅಂತ ಯಾರೂ ಕೇಳುವ ಹಾಗೇ ಇರಲಿಲ್ಲ.

ಯುರೋಪಿನಲ್ಲೂ ಅಷ್ಟೇ. ಅಲ್ಲಿನ ಹಳೇ ತೋಟಗಳಲ್ಲಿ ಇದ್ದಿದ್ದು ಕೆಂಪು, ನಸುಗೆಂಪು, ಬಿಳಿ. ಗಾಢವಾದ ಹಳದಿ ಇರಲಿಲ್ಲ. 16ನೇ ಶತಮಾನದ ಕೊನೆಯಲ್ಲಿ ವಿಯೆನ್ನಾದಲ್ಲಿ ಯಾರೋ ಟರ್ಕಿಯ ತೋಟವೊಂದರ ಕಾಗದದ ಮಾದರಿ ತಂದು ಪ್ರದರ್ಶನಕ್ಕೆ ಇಟ್ಟಿದ್ದರಂತೆ. ಅದರಲ್ಲಿ ತುಂಬು ಎಸಳಿನ ಹಳದಿ ಗುಲಾಬಿ. ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ ಅದನ್ನು ನೋಡಿ, ಇಂಥ ಹೂ ನಿಜವಾಗಿ ಇದೆಯಾ ಅಂತ ವಿಚಾರಿಸಿ, ಇಸ್ತಾಂಬುಲ್ ಕಡೆಯಿಂದ ಗಿಡ ತರಿಸಿಕೊಂಡ ಅನ್ನೋ ಕಥೆ ಇದೆ. ಗಿಡ ಬಂತು. ಆದರೆ ಅಲ್ಲಿನ ತಂಪಿಗೂ ತೇವಕ್ಕೂ ಅದರ ಮೊಗ್ಗು ಅರಳೋದೇ ಕಷ್ಟ, ಕೊಳೆತು ಹೋಗ್ತಿತ್ತು. ಒಣ ನಾಡಿನ ಗಿಡವನ್ನು ತೇವದ ನಾಡಿಗೆ ತಂದ್ರೆ ಏನಾಗುತ್ತೆ ಅನ್ನೋದಕ್ಕೆ ಅದೇ ಮೊದಲ ಸೂಚನೆ. ಯಾರೂ ಗಮನಿಸಲಿಲ್ಲ.

ಇದರ ಜೊತೆಗೆ ಇನ್ನೊಂದು ಹಳದಿ ಇತ್ತು: ರೋಸಾ ಫೆಟಿಡಾ. ಫೆಟಿಡಾ ಅಂದ್ರೆ ಲ್ಯಾಟಿನ್‌ನಲ್ಲಿ ನಾರುವುದು ಅಂತ. ಗುಲಾಬಿಗೆ ಇಂಥ ಹೆಸರು ಇಡಬೇಕಾದ್ರೆ ವಾಸನೆ ಎಷ್ಟು ಕೆಟ್ಟದಾಗಿರಬೇಕು ನೋಡಿ! ಇದರ ತವರು ಪಶ್ಚಿಮ ಏಷ್ಯಾದ ಒಣ ಬೆಟ್ಟಗಳು. ಇದರದ್ದೇ ತುಂಬು ಎಸಳಿನ ರೂಪ 'ಪರ್ಷಿಯನ್ ಯೆಲ್ಲೋ'. 1837ರ ಸುಮಾರಿಗೆ ಇದನ್ನು ಇಂಗ್ಲೆಂಡಿಗೆ ತಂದವನು ಸರ್ ಹೆನ್ರಿ ವಿಲಕ್. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಅಶ್ವದಳದಲ್ಲಿ ಕೆಲಸ ಶುರು ಮಾಡಿ, ಪರ್ಷಿಯಾಕ್ಕೆ ಹೋದ ಬ್ರಿಟಿಷ್ ನಿಯೋಗದ ಜೊತೆ ಹೋಗಿ, ಟೆಹರಾನ್‌ನಲ್ಲಿ ವರ್ಷಗಟ್ಟಲೆ ರಾಜತಾಂತ್ರಿಕನಾಗಿ ಇದ್ದವನು. ಚೆನ್ನೈನಲ್ಲಿ ಇರೋರು ಬೇಕಾದ್ರೆ ಇದನ್ನ ನಿಮ್ಮ ಊರಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಈ ಗಿಡ ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತೆ. ಆದರೆ ಅದರ ಹಳದಿ! ಅರಿಶಿನದ ಹಾಗೆ, ಬಿಸಿಲಿಗೂ ಮಾಸದ ಬಣ್ಣ. ಇದನ್ನು ವರ್ಷವಿಡೀ ಬಿಡೋ ದೊಡ್ಡ ಹೂವಿಗೆ ಸೇರಿಸಬೇಕು ಅನ್ನೋದು ಆಗಿನ ತಳಿಗಾರರ ಕನಸು. ಕಷ್ಟ ಏನಂದ್ರೆ ಪರ್ಷಿಯನ್ ಯೆಲ್ಲೋ ಬೀಜ ಕಟ್ಟೋದೇ ಇಲ್ಲ ಅನ್ನೋಷ್ಟು ಕಡಿಮೆ, ಅದರ ಪರಾಗವೂ ದುರ್ಬಲ.

ಕೊನೆಗೂ ಅದನ್ನು ಸಾಧಿಸಿದವನು ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಪೆರ್ನೆ. ದ್ಯುಶೆ ಮನೆತನದ ನರ್ಸರಿಗೆ ಕೆಲಸಕ್ಕೆ ಸೇರಿ, ಆ ಮನೆಯ ಮಗಳನ್ನೇ ಮದುವೆಯಾಗಿ, ಮಾವನ ಮನೆ ಹೆಸರನ್ನೂ ಸೇರಿಸಿಕೊಂಡು ಪೆರ್ನೆ-ದ್ಯುಶೆ ಆದ. ನಮ್ಮ ಕಡೆ ಮನೆಯಳಿಯ ಅಂತಾರಲ್ಲ, ಹಾಗೇ. 1883ರ ಹೊತ್ತಿಗೆ ಕೆಲಸ ಶುರು ಮಾಡಿದ. ಕೆಂಪು ಗುಲಾಬಿಯೊಂದರ ಮೇಲೆ ಪರ್ಷಿಯನ್ ಯೆಲ್ಲೋ ಪರಾಗ ಹಾಕೋದು, ಕಾಯೋದು. ಸಾವಿರಾರು ಪ್ರಯತ್ನ, ಕೈಗೆ ಸಿಕ್ಕಿದ್ದು ಬೆರಳೆಣಿಕೆಯ ಬೀಜ. ಅದರಿಂದ ಬಂದ 'ಸೊಲೇ ದೋರ್', ಅಂದ್ರೆ ಬಂಗಾರದ ಸೂರ್ಯ, 1900ರಲ್ಲಿ ಮಾರಾಟಕ್ಕೆ ಬಂತು. ಹದಿನೇಳು ವರ್ಷ. ನಮ್ಮ ಪ್ರಾಜೆಕ್ಟ್‌ಗಳಲ್ಲಿ ಹದಿನೇಳು ವಾರ ತಡವಾದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು.

ಸೊಲೇ ದೋರ್ ಪೂರ್ತಿ ಹಳದಿ ಅಲ್ಲ, ಕಿತ್ತಳೆ ಮತ್ತು ನಸುಗೆಂಪು ಬೆರೆತದ್ದು. ಆದರೆ ಬಾಗಿಲು ತೆಗೆದಿತ್ತು. ಅದರ ಮಕ್ಕಳು, ಮೊಮ್ಮಕ್ಕಳಲ್ಲಿ ಶುದ್ಧ ಹಳದಿ ಬಂತು. ಈಗ ನೀವು ನೋಡೋ ಗಾಢ ಹಳದಿ, ಕಿತ್ತಳೆ, ಎರಡು ಬಣ್ಣದ ದೊಡ್ಡ ಗುಲಾಬಿಗಳ ವಂಶ ಹಿಡಿದು ಹಿಂದೆ ಹೋದ್ರೆ ಬಹುಪಾಲು ಪೆರ್ನೆಯ ಅಂಗಳಕ್ಕೇ ಹೋಗಿ ನಿಲ್ಲುತ್ತೆ.

ಪೆರ್ನೆಗೆ ಇಬ್ಬರು ಗಂಡುಮಕ್ಕಳು, ಕ್ಲಾಡಿಯಸ್ ಮತ್ತು ಜಾರ್ಜ್. ನರ್ಸರಿ ನಡೆಸಬೇಕಾಗಿದ್ದವರು. ಮೊದಲ ಮಹಾಯುದ್ಧದಲ್ಲಿ ಇಬ್ಬರೂ ಸತ್ತರು. 1920ರಲ್ಲಿ ಅವನು ಬಿಡುಗಡೆ ಮಾಡಿದ ಶುದ್ಧ ಹಳದಿ ಗುಲಾಬಿಯ ಹೆಸರು 'ಸುವನೀರ್ ದ ಕ್ಲಾಡಿಯಸ್ ಪೆರ್ನೆ', ಕ್ಲಾಡಿಯಸ್‌ನ ನೆನಪು. ಮರುವರ್ಷ ಜಾರ್ಜ್ ಹೆಸರಿನಲ್ಲಿ ಇನ್ನೊಂದು. ಜೀವಮಾನವಿಡೀ ಹುಡುಕಿದ ಹಳದಿ ಕೊನೆಗೂ ಕೈಗೆ ಬಂದಾಗ ಅದನ್ನು ತಗೊಳ್ಳೋಕೆ ಮನೆಯಲ್ಲಿ ಮಕ್ಕಳಿರಲಿಲ್ಲ. ಈ ಭಾಗ ರೆಕಾರ್ಡ್ ಮಾಡುವಾಗ ನಾನು ಸ್ವಲ್ಪ ನಿಲ್ಲಿಸಬೇಕಾಯ್ತು. ವಿಡಿಯೋದಲ್ಲಿ ಕಟ್ ಮಾಡಿದ್ದೀನಿ, ಇಲ್ಲಿ ಇರಲಿ.

ಈಗ ತೊಂದರೆಯ ವಿಷಯ. ಗುಲಾಬಿಗೆ ಬರೋ ಕಪ್ಪುಚುಕ್ಕೆ ರೋಗ ಎಲ್ಲರೂ ನೋಡಿರ್ತೀರಿ. ಎಲೆ ಮೇಲೆ ಅಂಚು ಹರಿದ ಹಾಗಿರೋ ಕಪ್ಪು ಚುಕ್ಕೆ, ಸುತ್ತ ಎಲೆ ಹಳದಿ ಆಗುತ್ತೆ, ಉದುರುತ್ತೆ. ಮಳೆಗಾಲ ಮುಗಿಯೋ ಹೊತ್ತಿಗೆ ಬರೀ ಮುಳ್ಳಿನ ಕಡ್ಡಿ. (ನಮ್ಮೂರ ಕಡೆಯವರಿಗೆ: ಅಡಿಕೆ ಮರದ ಎಲೆಚುಕ್ಕಿ ರೋಗ ಬೇರೆ, ಇದು ಬೇರೆ.) ಇದು ಒಂದು ಶಿಲೀಂಧ್ರ. ಎಲೆ ಸುಮಾರು ಏಳು ಗಂಟೆ ಒಂದೇ ಸಮನೆ ಒದ್ದೆ ಇದ್ರೆ ಅದರ ಬೀಜಕಣ ಎಲೆಯೊಳಗೆ ಇಳಿಯುತ್ತೆ. ಪರ್ಷಿಯಾದ ಒಣ ಬೆಟ್ಟದಲ್ಲಿ ಎಲೆ ಏಳು ಗಂಟೆ ಒದ್ದೆ ಇರೋದು ಎಲ್ಲಿಂದ ಬಂತು? ಹಾಗಾಗಿ ರೋಸಾ ಫೆಟಿಡಾಗೆ ಈ ರೋಗವನ್ನು ತಡೆಯೋ ಶಕ್ತಿ ಬೆಳೆಯೋ ಪ್ರಮೇಯವೇ ಬರಲಿಲ್ಲ. ಪೆರ್ನೆ ಅದರ ಹಳದಿಯನ್ನು ತಗೊಂಡಾಗ ಈ ದೌರ್ಬಲ್ಯವೂ ಜೊತೆಗೇ ಬಂತು. ಒಂದು ಫೀಚರ್‌ಗೋಸ್ಕರ ಯಾರದ್ದೋ ಲೈಬ್ರರಿ ಸೇರಿಸಿ, ಅದರ ಬಗ್‌ಗಳನ್ನೂ ಮನೆಗೆ ಕರ್ಕೊಂಡು ಬಂದ ಹಾಗೆ.

ಪೂರ್ತಿ ತಪ್ಪನ್ನು ಒಂದು ಗಿಡದ ತಲೆಗೆ ಕಟ್ಟೋದೂ ಸರಿಯಲ್ಲ. ಕಪ್ಪುಚುಕ್ಕೆ ಯುರೋಪಿನಲ್ಲಿ ಪೆರ್ನೆಗಿಂತ ಮೊದಲೇ ಇತ್ತು, 1815ರಲ್ಲೇ ಸ್ವೀಡನ್ನಿನ ವಿಜ್ಞಾನಿ ಫ್ರೀಸ್ ಅದನ್ನು ದಾಖಲಿಸಿದ್ದ. ನನ್ನ ಪ್ರಕಾರ ದೊಡ್ಡ ತಪ್ಪು ನಡೆದಿದ್ದು ಆಮೇಲೆ. ಪೆರ್ನೆ ಕಾಲದ ಗುಲಾಬಿಗಳಿಗೆ ಬಹುಮಾನ ಸಿಗ್ತಾ ಇದ್ದದ್ದು ಪ್ರದರ್ಶನದ ಮೇಜಿನ ಮೇಲೆ, ಲೋಟದಲ್ಲಿ ಇಟ್ಟ ಒಂದೇ ಹೂವಿಗೆ. ಗಿಡದ ಎಲೆ ಯಾರೂ ನೋಡ್ತಾ ಇರಲಿಲ್ಲ. ಎಲೆ ಉದುರಿದ್ರೆ ಅದಕ್ಕೆ ಮದ್ದು ಇತ್ತಲ್ಲ!

ಮದ್ದಿನ ಕಥೆಯೂ ಫ್ರಾನ್ಸಿನದ್ದೇ. ಬೋರ್ಡೋ ಪ್ರಾಂತದ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕದಿಯಬಾರದು ಅಂತ ರಸ್ತೆ ಬದಿಯ ಬಳ್ಳಿಗೆ ನೀಲಿ ಬಣ್ಣದ ತಾಮ್ರದ ಮಿಶ್ರಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬಂದಿಲ್ಲ ಅಂತ ಮಿಲಾರ್ಡೆ ಅನ್ನೋ ಪ್ರಾಧ್ಯಾಪಕ ಗಮನಿಸಿದ. 1885ರಲ್ಲಿ ಮೈಲುತುತ್ತ ಮತ್ತು ಸುಣ್ಣದ ಪಾಕ ಪ್ರಕಟವಾಯ್ತು. ಅದೇ ಬೋರ್ಡೋ ದ್ರಾವಣ. ಮಲೆನಾಡಿನವರಿಗೆ ಈ ಹೆಸರು ಹೇಳಿಕೊಡಬೇಕಾಗಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ ಇದನ್ನು ನಮ್ಮ ತೋಟಗಳಿಗೆ ತಂದರು. ನೂರು ಲೀಟರ್ ನೀರು, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಹಿಡಿಯೋ ಮೊದಲು ಒಂದು ಸಲ, ಒಂದೂವರೆ ತಿಂಗಳು ಬಿಟ್ಟು ಇನ್ನೊಂದು ಸಲ.

ನಮ್ಮನೆ ಅಂಗಳದಲ್ಲಿ ಈ ಎರಡು ಫ್ರೆಂಚ್ ಕಥೆಗಳೂ ಸೇರಿದ್ವು ಅಂತ ನನಗೆ ತಡವಾಗಿ ಹೊಳೆಯಿತು. ಕೊನೆಗೌಡರು ಅಡಿಕೆ ಕೊನೆಗೆ ಹೊಡೆದು ಉಳಿಸಿದ ಮದ್ದನ್ನು ಅಪ್ಪಯ್ಯ ಬೆನ್ನಿನ ಪಂಪಿಗೆ ತುಂಬಿಕೊಂಡು, ತಲೆಗೆ ಹಾಳೆಟೊಪ್ಪಿ ಇಟ್ಟು, ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ಗುಲಾಬಿಗೆ ಹೊಡೀತಿದ್ರು. ಎಲೆ ಮೇಲೆಲ್ಲ ನೀಲಿ ಹನಿ. ಅಮ್ಮ ದೇವರಿಗೆ ಹೂ ಕೊಯ್ಯುವಾಗ ಮೂರು ಸಲ ತೊಳೀತಿದ್ಲು. ಆಮೇಲೆ ಓದಿದಾಗ ಗೊತ್ತಾಯ್ತು, ತಂಪು ಒದ್ದೆ ಹವೆಯಲ್ಲಿ ತಾಮ್ರದ ಮದ್ದು ಗುಲಾಬಿ ಎಲೆಯನ್ನೇ ಸುಡಬಹುದು. ಅಷ್ಟು ವರ್ಷ ಉದುರಿದ ಎಲೆಗಳಲ್ಲಿ ರೋಗದಿಂದ ಎಷ್ಟು, ಮದ್ದಿನಿಂದ ಎಷ್ಟು, ಈಗ ಲೆಕ್ಕ ಹಾಕೋಕೆ ಆಗಲ್ಲ. ಅಪ್ಪಯ್ಯನಿಗೆ ಇದನ್ನು ನಾನು ಹೇಳಿಲ್ಲ. ವಿಡಿಯೋ ಅವರು ನೋಡಲ್ಲ ಅಂದುಕೊಂಡಿದ್ದೀನಿ.

ಹಾಗಾದ್ರೆ ಮದ್ದಿಲ್ಲದ ಹಳದಿ ಗುಲಾಬಿ ಯಾವ ಕಾಲದಲ್ಲೂ ಇರಲಿಲ್ವಾ? ಇತ್ತು. 1830ರ ಸುಮಾರಿಗೆ ನ್ಯೂಯಾರ್ಕ್‌ನ ವಕೀಲ ಜಾರ್ಜ್ ಹ್ಯಾರಿಸನ್ ತೋಟದಲ್ಲಿ, ಈಗ ಮ್ಯಾನ್‌ಹಟನ್‌ನ ಗಗನಚುಂಬಿ ಕಟ್ಟಡಗಳು ಇರೋ ಜಾಗದಲ್ಲಿ, ಒಂದು ಹಳದಿ ಪೊದೆ ಗುಲಾಬಿ ಹುಟ್ಟಿತು. ತಾಯಿತಂದೆಯಲ್ಲಿ ಒಬ್ಬರು ಅದೇ ಫೆಟಿಡಾ, ಇನ್ನೊಬ್ಬರು ಯುರೋಪಿನ ಗಟ್ಟಿಮುಟ್ಟಾದ ಕಾಡು ಗುಲಾಬಿ. 'ಹ್ಯಾರಿಸನ್ಸ್ ಯೆಲ್ಲೋ' ಅಂತ ಹೆಸರು. ಬುಡದಿಂದ ಮರಿ ಹಾಕ್ತಾ ಹೋಗುತ್ತೆ, ಒಂದು ಮರಿ ಕಿತ್ತು ನೆಟ್ರೆ ಹೊಸ ಗಿಡ. ಪಶ್ಚಿಮಕ್ಕೆ ಗಾಡಿ ಕಟ್ಟಿಕೊಂಡು ವಲಸೆ ಹೋದ ಕುಟುಂಬಗಳು ಈ ಮರಿಗಳನ್ನು ಜೊತೆಗೆ ಒಯ್ದರು. ಮನೆ ಬಿದ್ದು ಹೋಗಿ, ಜನ ಬಿಟ್ಟು ಹೋದ ಎಷ್ಟೋ ಜಾಗಗಳಲ್ಲಿ ಈ ಗಿಡ ಮಾತ್ರ ವಸಂತಕ್ಕೆ ಹೂ ಬಿಡ್ತಾ ನಿಂತಿದೆ. ಯಾರೂ ನೀರು ಹಾಕಲ್ಲ, ಯಾರೂ ಮದ್ದು ಹೊಡೆಯಲ್ಲ. ಆದರೆ ವರ್ಷಕ್ಕೆ ಒಂದೇ ಸಲ ಹೂ, ಅದಕ್ಕೆ ಚಳಿಯೂ ಬೇಕು. ಸಾಗರದಲ್ಲಿ ಆಗಲ್ಲ.

20ನೇ ಶತಮಾನದ ಎರಡನೇ ಅರ್ಧದಲ್ಲಿ ಕೆಲವರು ಎದುರು ದಾರಿ ಹಿಡಿದರು. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಗ್ರಿಫಿತ್ ಬಕ್ ಮದ್ದು ಹೊಡೆಯೋದನ್ನೇ ನಿಲ್ಲಿಸಿ, ಚಳಿಯಲ್ಲೂ ರೋಗದಲ್ಲೂ ಬದುಕಿದ ಗಿಡಗಳನ್ನು ಮಾತ್ರ ಮುಂದೆ ತಗೊಂಡು ಹೋದರು. ಮಿಲ್ವಾಕಿಯ ವಿಲಿಯಂ ರ‍್ಯಾಡ್ಲರ್ ಇನ್ನೂ ಒಂದು ಹೆಜ್ಜೆ ಮುಂದೆ. ರೋಗ ಬಂದ ಎಲೆಗಳನ್ನು ಒಣಗಿಸಿ, ಪುಡಿ ಮಾಡಿ, ತಮ್ಮದೇ ಸಸಿಗಳ ಮೇಲೆ ಉದುರಿಸಿ, ಮೇಲಿಂದ ನೀರು ಚಿಮುಕಿಸೋರು! ಉಳಿದಿದ್ದು ಮಾತ್ರ ಪಾಸ್. ಹಾಗೆ ಬಂದ 'ನಾಕ್ ಔಟ್' ಗುಲಾಬಿ 2000ರಲ್ಲಿ ಮಾರುಕಟ್ಟೆಗೆ ಬಂದು ಅಮೆರಿಕದ ರಸ್ತೆಬದಿಗಳನ್ನೆಲ್ಲ ತುಂಬಿತು. ಜರ್ಮನಿಯ ಎಡಿಆರ್ ಪರೀಕ್ಷೆಯಲ್ಲಿ 1997ರಿಂದ ಯಾವ ಗಿಡಕ್ಕೂ ಕೀಟನಾಶಕವಾಗಲಿ ಶಿಲೀಂಧ್ರನಾಶಕವಾಗಲಿ ಹೊಡೆಯೋ ಹಾಗಿಲ್ಲ.

ಗಮನಿಸಿ, ನಾಕ್ ಔಟ್ ಮೊದಲು ಬಂದಿದ್ದು ಕೆಂಪಿನಲ್ಲಿ. ಹಳದಿ ಬಂದಿದ್ದು ಆಮೇಲೆ. ಅದೂ ಮೊಗ್ಗಿನಲ್ಲಿ ಹಳದಿ, ಅರಳಿ ಬಿಸಿಲು ಬಿದ್ದ ಮೇಲೆ ಕೆನೆ ಬಣ್ಣ. ಮಾಸದ ಹಳದಿ ಬೇಕು ಅಂದ್ರೆ ಫೆಟಿಡಾ ಕಡೆ ಹೋಗಬೇಕು, ಹೋದ್ರೆ ಕಪ್ಪುಚುಕ್ಕೆ. ನೂರು ವರ್ಷದ ಹಿಂದಿನ ಆ ಗಂಟು ಪೂರ್ತಿ ಇನ್ನೂ ಬಿಚ್ಚಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಎಳೆ ಬರುತ್ತೆ, ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದದ್ದು. ಪೆರ್ನೆಗಿಂತ ಮೊದಲೇ ಯುರೋಪಿಗೆ ಇನ್ನೊಂದು ಹಳದಿ ಹೋಗಿತ್ತು, ಚೀನಾದ ಟೀ ಗುಲಾಬಿಗಳ ತಿಳಿಹಳದಿ. ಅಲ್ಲಿನ ಹಿಮಕ್ಕೆ ಆ ಗಿಡಗಳು ತಡೆಯಲಿಲ್ಲ, ಗಾಜಿನ ಮನೆ ಸೇರಿದ್ವು. ಆ ಟೀ ಗುಲಾಬಿಗಳ ಪೂರ್ವಜರಲ್ಲಿ ಒಂದು ರೋಸಾ ಜೈಜಾಂಟಿಯಾ. ದೈತ್ಯ ಗುಲಾಬಿ. ಅದು ಬೆಳೆಯೋದು ಎಲ್ಲಿ? ಚೀನಾದ ಯುನ್ನಾನ್, ಮ್ಯಾನ್ಮಾರ್, ಮತ್ತು ನಮ್ಮ ಮಣಿಪುರ. 1882ರಲ್ಲಿ ಜಾರ್ಜ್ ವ್ಯಾಟ್ ಮಣಿಪುರದಲ್ಲಿ ಇದನ್ನು ಕಂಡ. ಮರದ ಮೇಲೆ ಹತ್ತಿ ಹರಡೋ ಬಳ್ಳಿ, ಅಂಗೈ ಅಗಲದ ಕೆನೆಹಳದಿ ಹೂ. ಮಳೆ, ಸೆಕೆ ಎರಡನ್ನೂ ಕಂಡು ಬೆಳೆದದ್ದು. ಅಂದ್ರೆ ಮಳೆನಾಡಿಗೆ ಹೊಂದೋ ಹಳದಿಯ ಬೀಜ ಈ ದೇಶದಲ್ಲೇ ಇತ್ತು, ನಾವು ಲಿಯಾನ್‌ನಿಂದ ಬಂದ ಪರ್ಷಿಯಾದ ಹಳದಿಗೆ ನೂರು ವರ್ಷ ಮದ್ದು ಹೊಡೀತಾ ಕೂತ್ವಿ.

ಇದನ್ನು ಗಂಭೀರವಾಗಿ ಕೈಗೆತ್ತಿಕೊಂಡವರು ವೀರು ವೀರರಾಘವನ್. ಆಂಧ್ರದಲ್ಲಿ ಐಎಎಸ್ ಅಧಿಕಾರಿಯಾಗಿದ್ದು, ಅವಧಿಗೆ ಮೊದಲೇ ಕೆಲಸ ಬಿಟ್ಟು, ಪತ್ನಿ ಗಿರಿಜಾ ಜೊತೆ ಕೊಡೈಕೆನಾಲ್‌ನಲ್ಲಿ ನೆಲೆಸಿ ಗುಲಾಬಿ ತಳಿ ಮಾಡಿದವರು. ಚಳಿ ದೇಶದ ಗುಲಾಬಿ ನಮ್ಮ ಸೆಕೆಗೆ ಒಗ್ಗಲ್ಲ, ನಮ್ಮ ಹವೆಗೆ ನಮ್ಮ ಕಾಡು ಗುಲಾಬಿಗಳಿಂದಲೇ ಹೊಸ ತಳಿ ಬರಬೇಕು ಅನ್ನೋದು ಅವರ ವಾದ. ಮಣಿಪುರದ ಉಖ್ರುಲ್ ಬೆಟ್ಟಗಳಿಗೆ ಹೋಗಿ ಜೈಜಾಂಟಿಯಾ ಹುಡುಕಿದರು. ಅವರ ಹಳದಿ ಗುಲಾಬಿಯೊಂದರ ಹೆಸರು 'ಗೋಲ್ಡನ್ ಥ್ರೆಶೋಲ್ಡ್', ಹೈದರಾಬಾದಿನ ಸರೋಜಿನಿ ನಾಯ್ಡು ಅವರ ಮನೆಯ ಹೆಸರು. ಹೈದರಾಬಾದಿನಲ್ಲಿ ಇರೋರು ಅಬಿಡ್ಸ್ ಕಡೆ ಹೋದಾಗ ಆ ಮನೆ ನೆನಪಿಸಿಕೊಳ್ಳಿ. ಬೇಜಾರು ಏನಂದ್ರೆ, ಇಂಥ ಗಿಡಗಳು ನಮ್ಮ ರಸ್ತೆಬದಿ ನರ್ಸರಿಗೆ ಬರೋದೇ ಅಪರೂಪ. ಅಲ್ಲಿ ಈಗಲೂ ಲೋಟದ ಹೂವಿನದ್ದೇ ರಾಜ್ಯ.

ಅಮ್ಮನ ಪ್ರಶ್ನೆಗೆ ವಾಪಸ್ ಬರೋಣ. ಹೆಸರು ಹುಡುಕಿ ಗಿಡ ತರಿಸೋಕೆ ಆಗಲಿಲ್ಲ. ಆದರೆ ಈ ಇತಿಹಾಸದಿಂದ ಒಂದು ವಿಷಯ ಸಿಕ್ಕಿತ್ತು: ರ‍್ಯಾಡ್ಲರ್ ಮಾಡಿದ ಪರೀಕ್ಷೆಯನ್ನು ಮಲೆನಾಡಿನ ಮಳೆ ಪ್ರತಿವರ್ಷ ಪುಕ್ಕಟೆ ಮಾಡುತ್ತೆ. ಹಾಗಾಗಿ ಅಮ್ಮನಿಗೆ ಹೇಳಿದೆ, "ಯಾರ ಮನೆ ಹಳದಿ ಗುಲಾಬೀಲಿ ಈಗಲೂ ಎಲೆ ಇದೆ ನೋಡು. ಹೂ ನೋಡಬೇಡ." ಅವಳು ಹೆಗ್ಗೋಡಿನ ಕಡೆ ಒಂದು ಮದುವೆಗೆ ಹೋದಾಗ ನೋಡಿಕೊಂಡು ಬಂದಳು. ನಾಲ್ಕು ಮಳೆಗಾಲ ಯಾರೂ ಮುಟ್ಟದ ಪೊದೆ. ಚಿಕ್ಕ ಹೂ, ಗೊಂಚಲು, ತಿಳಿಹಳದಿ. ಹೆಸರು ಯಾರಿಗೂ ಗೊತ್ತಿಲ್ಲ. ಪೆನ್ಸಿಲ್ ದಪ್ಪದ ಆರು ಕಡ್ಡಿ ತಂದು ನೆಟ್ಟಳು. ಹಳದಿಗಳು ಕಡ್ಡಿಯಿಂದ ಬೇರು ಬಿಡೋದು ನಿಧಾನ, ಆರರಲ್ಲಿ ಒಂದು ಹಿಡಿಯಿತು. ಕಸಿ ಇಲ್ಲ, ಸ್ವಂತ ಬೇರು. ಮೇಲೆ ಒಣಗಿದರೂ ಕೆಳಗಿಂದ ಹಳದಿಯೇ ಬರಬೇಕು.

ಜಾಗ ಬದಲಾಯಿಸಿದ್ವಿ. ಹಳೇದು ಮಾಡಿನ ಹನಿ ಬೀಳೋ ಜಾಗದಲ್ಲಿತ್ತು. ಇದು ಅಂಗಳದ ಪೂರ್ವದ ಅಂಚಿನಲ್ಲಿ, ಬೆಳಗಿನ ಬಿಸಿಲಿಗೆ ಎಲೆ ಬೇಗ ಒಣಗುತ್ತೆ. ಸುತ್ತ ಒಂದು ಮಾರು ಖಾಲಿ ಬಿಟ್ಟು ಗಾಳಿ ಆಡೋ ಹಾಗೆ ಮಾಡಿದೆ. ನೀರು ಹಾಕಿದ್ರೆ ಬುಡಕ್ಕೆ, ಬೆಳಿಗ್ಗೆ. ಉದುರಿದ ಎಲೆಯನ್ನು ಗುಡಿಸಿ ಬೇರೆ ಕಡೆ ಹಾಕೋದು, ಯಾಕಂದ್ರೆ ರೋಗ ಅದರಲ್ಲೇ ಮುಂದಿನ ಮಳೆವರೆಗೆ ಕೂತಿರುತ್ತೆ. ಇಷ್ಟೇ ಆರೈಕೆ. ಪುಣೆ, ಹೈದರಾಬಾದ್, ದೆಹಲಿಯಲ್ಲಿ ಇರೋರಿಗೆ ಮಳೆಗಾಲ ಬಿಟ್ರೆ ಗಾಳಿ ಒಣಗಿರುತ್ತೆ, ನೀವು ಪರ್ಷಿಯಾಕ್ಕೆ ಸ್ವಲ್ಪ ಹತ್ತಿರ. ಬಾಲ್ಕನಿಯ ಕುಂಡದಲ್ಲಿ ದೊಡ್ಡ ಹೂವಿನ ಹಳದಿಯೂ ಬದುಕೀತು. ಮುಂಬೈ, ಚೆನ್ನೈನವರು ಅಮ್ಮನ ದಾರಿ ಹಿಡಿಯೋದು ವಾಸಿ.

ಈ ಮಳೆಗಾಲದಲ್ಲಿ ಹೊಸ ಗಿಡ ಅರ್ಧ ಎಲೆ ಕಳೆದುಕೊಂಡಿತು. ಯಾರೂ ಮದ್ದು ಹೊಡೆಯಲಿಲ್ಲ. ಅಪ್ಪಯ್ಯ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಹೋಗಿ ನೋಡ್ತಿದ್ರಂತೆ, ಒಂದು ದಿನ ಪಂಪು ಇಳಿಸಿ ಅಂತಾನೂ ಕೇಳಿದ್ರಂತೆ. ಅಮ್ಮ ಇಳಿಸಿ ಕೊಡಲಿಲ್ಲ. ಮಹಾಲಯ ಮುಗಿಯೋ ಹೊತ್ತಿಗೆ ಚಿಗುರು ಬಂತು. ಹೋದ ವಾರ ಫೋಟೋ ಕಳಿಸಿದ್ದಾಳೆ, ಮೂರು ಹೂ, ನಾಲ್ಕು ಮೊಗ್ಗು. ಪಕ್ಕದಲ್ಲಿ ಆ ಹಳೇ ಬೇರಿನ ಗಿಡವೂ ಇದೆ, ಕೀಳೋಕೆ ಮನಸ್ಸು ಬಂದಿಲ್ಲ ಅಂದ್ಲು. ಪಂಪು ಅಟ್ಟದ ಮೇಲೇ ಇದೆ.